ಮಗ್ಗದಲ್ಲಿ ಉಳಿದ ಗೇಣುದ್ದ ನೂಲು

ಮಂಗಳವಾರ ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಊರಿನ ವಸ್ತುಸಂಗ್ರಹಾಲಯದ ಮೇಲ್ವಿಚಾರಕರು ಏದುಸಿರು ಬಿಡುತ್ತಾ ಠಾಣೆಗೆ ಬಂದರು. ನೇಕಾರರ ಕೋಣೆಯಲ್ಲಿ ಮಗ್ಗದ ಮೇಲೆ ಮೂವತ್ತು ವರ್ಷಗಳಿಂದ ಅರ್ಧಕ್ಕೇ ನಿಂತಿದ್ದ ಬಟ್ಟೆ ಕಳುವಾಗಿದೆ ಎಂಬುದು ದೂರು. ಅರ್ಧ ಬಟ್ಟೆ ಕದಿಯುವ ಕಳ್ಳ ಯಾವನಪ್ಪಾ ಎಂದು ಇನ್ಸ್‌ಪೆಕ್ಟರ್‌ಗೆ ಒಳಗೊಳಗೇ ನಗು ಬಂತು. ಆದರೂ ಎಫ್‌ಐಆರ್ ದಾಖಲಿಸಿ, ಮಹಿಳಾ ಕಾನ್‌ಸ್ಟೇಬಲ್ ಜೊತೆ ಹತ್ತಕ್ಕೆ ಸ್ಥಳ ಸೇರಿದರು.

ಒಳಗೆ ಕಾಲಿಟ್ಟರೆ ಹೊರಗಿನ ಸದ್ದೆಲ್ಲ ನಿಂತೇಹೋಯಿತು. ಗಾಜಿನ ಹೆಂಚಿನಿಂದಿಳಿದ ಬಿಸಿಲಲ್ಲಿ ಧೂಳು ಮೆಲ್ಲಗೆ ತೇಲುತ್ತಿತ್ತು. ಬೀಸುವ ಕಲ್ಲು, ತೊಟ್ಟಿಲು, ದೋಣಿಯ ಹುಟ್ಟು ಎಲ್ಲವೂ ಯಾರೋ ಈಗಷ್ಟೇ ಕೈಬಿಟ್ಟು ಎದ್ದುಹೋದ ಹಾಗಿದ್ದವು. ಬಂದ ಕೆಲಸವೇ ಇನ್ಸ್‌ಪೆಕ್ಟರ್‌ಗೆ ಒಂದು ಗಳಿಗೆ ಮರೆತುಹೋಯಿತು.

"ಏನೋ ಗಂಜಿ ವಾಸನೆ ಬರ್ತಿದೆಯಲ್ಲ?"

"ಹಳೇ ಕಟ್ಟಡ ಸಾರ್, ಬೂಷ್ಟು," ಎಂದರು ಮೇಲ್ವಿಚಾರಕರು.

ನೇಕಾರನ ಮಗಳಾದ ಕಾನ್‌ಸ್ಟೇಬಲ್ ಆಗಲೇ ಮಗ್ಗದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. "ಬೂಷ್ಟಲ್ಲ ಸಾರ್. ಹಳೇ ನೂಲು ತುಂಡಾಗದಿರಲಿ ಅಂತ ಗಂಜಿ ಹಚ್ಚಿದ್ದಾರೆ. ಪ್ರದರ್ಶನಕ್ಕಿಟ್ಟ ಈ ಬುಟ್ಟಿಯಲ್ಲಿ ನೂಲೂ ಖಾಲಿ. ಇಲ್ಲೇ ಕೂತು ನೇಯ್ದಿದ್ದಾರೆ."

"ನಮಗೆ ಗೊತ್ತಾಗ್ತಿರಲಿಲ್ವಾ?" ಮೇಲ್ವಿಚಾರಕರು ಮುಖ ಸಿಂಡರಿಸಿದರು.

"ನೇಯ್ದಿದ್ದೆಲ್ಲ ಮುಂದಿರೋ ಈ ಮರದ ದಿಂಡಿಗೆ ಸುತ್ತಿಕೊಳ್ಳುತ್ತೆ. ಹೊರಗೆ ಕಾಣೋದು ಯಾವಾಗಲೂ ಅಷ್ಟೇ." ಆಕೆ ಮಗ್ಗದಲ್ಲಿ ಉಳಿದಿದ್ದ ನೂಲನ್ನು ಮುಟ್ಟಿ ತೋರಿಸಿದಳು. "ಕಳ್ಳ ಆಗಿದ್ರೆ ಕತ್ತರಿಸಿಕೊಂಡು ಓಡ್ತಿದ್ದ. ಇವರು ಗೇಣುದ್ದ ಬಿಟ್ಟು, ಹಿಡಿ ಹಿಡಿಯಾಗಿ ಗಂಟು ಹಾಕಿದ್ದಾರೆ. ಮುಂದಿನ ನೂಲನ್ನ ಇದಕ್ಕೇ ಸೇರಿಸೋದು. ನಮ್ಮಪ್ಪನೂ ಬಟ್ಟೆ ಪೂರ್ತಿ ಆದಮೇಲೇ ಈ ಗಂಟು ಹಾಕ್ತಿದ್ದಿದ್ದು."

"ರಜೆ ದಿನ ಇಲ್ಲಿಗೆ ಯಾರು ಬರ್ತಾರೆ?" ಇನ್ಸ್‌ಪೆಕ್ಟರ್ ಕೇಳಿದರು.

"ಸೋಮವಾರ ಧೂಳು ಒರೆಸೋಳು ಒಬ್ಬಳೇ. ಹನ್ನೊಂದು ವರ್ಷದಿಂದ ಇದ್ದಾಳೆ. ಬಾಯಿಲ್ಲದ ಪ್ರಾಣಿ ಸಾರ್."

ಹನ್ನೊಂದು ನಲವತ್ತಕ್ಕೆ ಆಕೆಯ ಮನೆ ತಲುಪಿದಾಗ ಬಾಗಿಲು ತೆರೆದೇ ಇತ್ತು. ಕಿಟಕಿಯ ಪಕ್ಕ ಮಂಚದ ಮೇಲೆ ಕಣ್ಣು ಕಾಣದ ಮುದುಕಿ, ಅವರ ಮಡಿಲಲ್ಲಿ ಆ ಬಟ್ಟೆ. ಧೂಳು ಒರೆಸುವಾಕೆ, ಅವರ ಮಗಳು, ಪಕ್ಕದಲ್ಲೇ ನಿಂತಿದ್ದಳು; ಓಡಲಿಲ್ಲ.

"ಯಾಕಮ್ಮಾ ಹೀಗೆ ಮಾಡಿದೆ?"

"ಅದು ಅಮ್ಮನದೇ ಮಗ್ಗ ಸಾರ್. ನನ್ನ ಮದುವೆಗೆ ಅಂತ ಶುರು ಮಾಡಿದ್ದು. ಕಣ್ಣು ಹೋಯ್ತು, ಮಗ್ಗ ಕೊಟ್ಟುಬಿಟ್ವಿ. ಅರ್ಧಕ್ಕೇ ಬಿಟ್ಟೆನಲ್ಲಾ ಅಂತ ಇವತ್ತಿಗೂ ಕೊರಗ್ತಾಳೆ. ಈ ತಿಂಗಳು ದಾಟೋದು ಕಷ್ಟ ಅಂದ್ರು ಡಾಕ್ಟರು. ಮುಟ್ಟಿಸಿ ವಾಪಸ್ ಇಡೋಣ ಅಂತಿದ್ದೆ."

"ಕೇಳಬಹುದಿತ್ತಲ್ಲ?"

"ಕೇಳ್ದೆ. ಪ್ರದರ್ಶನದ ವಸ್ತು ಯಾರೂ ಮುಟ್ಟೋ ಹಾಗಿಲ್ಲ ಅಂದ್ರು. ಹನ್ನೊಂದು ವರ್ಷದಿಂದ ಅದನ್ನ ಒರೆಸ್ತಿದ್ದವಳು ನಾನೇ."

ಇನ್ಸ್‌ಪೆಕ್ಟರ್‌ಗೆ ಕರುಳು ಚುರುಕ್ ಎಂದಿತು. ಆದರೆ ಕಾನೂನಿಗೆ ಕರುಳೆಲ್ಲಿ? ಪಂಚರನ್ನು ಕರೆಸಲು ಹೇಳಿದರು. ಅವರು ಬರುವವರೆಗೆ ಮುದುಕಿಯ ಬೆರಳುಗಳು ಬಟ್ಟೆಯ ಉದ್ದಕ್ಕೂ ನಿದ್ದೆಯಲ್ಲೆಂಬಂತೆ ನಿಧಾನವಾಗಿ ಸರಿಯುತ್ತಿದ್ದವು. ನಡುವೆ ಒಂದು ಕಡೆ ನಿಂತವು.

"ಇಲ್ಲಿಂದ ನಿನ್ನ ಕೈ," ಎಂದರು ಮುದುಕಿ. "ನೇಯ್ಗೆ ಸ್ವಲ್ಪ ಸಡಿಲ." ಮತ್ತೆ ತುದಿಯವರೆಗೂ ಸವರಿದರು. "ಹೋಗಲಿ, ಅಂಚು ನೆಟ್ಟಗೆ ಬಂದಿದೆ ಮಗಳೇ."

ಮಗಳು ಅಲ್ಲೇ ಕುಸಿದು ಕೂತು ಬಿಕ್ಕಿಬಿಕ್ಕಿ ಅತ್ತಳು.

ಮುದುಕಿ ಬಟ್ಟೆಯನ್ನು ತಾವೇ ಮಡಿಸಿ ಇನ್ಸ್‌ಪೆಕ್ಟರ್ ಕೈಗಿಟ್ಟರು. ಹನ್ನೆರಡೂವರೆಗೆ ಮಗಳ ಬಂಧನವಾಯಿತು. ಪಕ್ಕದ ಮನೆಯಾಕೆ ಬಂದು ಮುದುಕಿಯ ಬಳಿ ಕೂತಳು. ಕಾನ್‌ಸ್ಟೇಬಲ್ ದೂರಿನಲ್ಲಿದ್ದಂತೆಯೇ ಪಂಚನಾಮೆಯಲ್ಲಿ 'ಅರ್ಧ ನೇಯ್ದ ಬಟ್ಟೆ, ಒಂದು' ಎಂದು ಬರೆದಿದ್ದಳು. ಇನ್ಸ್‌ಪೆಕ್ಟರ್ ಪೆನ್ನು ಇಸಿದುಕೊಂಡು 'ಅರ್ಧ' ಹೊಡೆದುಹಾಕಿ, ಮೇಲೆ 'ಪೂರ್ತಿ' ಎಂದು ಬರೆದು ಸಹಿ ಮಾಡಿದರು.