ಬಲಗಡೆ ನೋಡಿ, ಜಲಪಾತ

"ಬಲಗಡೆ ನೋಡಿ ಮಕ್ಕಳೇ, ಇದೇ ಕೆಗೊನ್ ಜಲಪಾತ," ಅಂದ್ಲು ಗೈಡಕ್ಕ.

ನೀಲಿ ಟೋಪಿ, ಬಿಳಿ ಗ್ಲೌಸು, ಕಂಕುಳಲ್ಲೊಂದು ಪುಟ್ಟ ಹಳದಿ ಬಾವುಟ. ಅವಳ ಗ್ಲೌಸು ತೋರಿಸಿದ ಕಡೆಗೆ ಐದನೇ ಕ್ಲಾಸಿನ ಅಷ್ಟೂ ತಲೆಗಳು ತಿರುಗಿದ್ವು.

ಅಲ್ಲಿ ಏನೂ ಇರ್ಲಿಲ್ಲ.

ಏನೂ ಅಂದ್ರೆ ಏನೂ ಇಲ್ಲ. ಬರೀ ಮಂಜು. ಬಿಳಿ ಗ್ಲೌಸು ಆ ಮಂಜಿನೊಳಗೆ ಹೋಗಿ, ಗೈಡಕ್ಕನ ಕೈ ಮಣಿಕಟ್ಟಿಗೇ ಮುಗಿದುಹೋದ ಹಾಗೆ ಕಾಣ್ತಿತ್ತು. ಡೈಗೊ ಅನ್ನೋ ಹುಡುಗ ಚಾಕ್ಲೇಟ್ ಬಾಯಿಗೆ ಹಾಕ್ಕೊಳ್ಳೋಕೆ ಹೋಗಿ ಪಕ್ಕದವನ ಬಾಯಿಗೆ ಹಾಕಿಬಿಟ್ಟ. ಪಕ್ಕದವನು ಯಾರು ಅಂತ ಕೊನೇವರೆಗೂ ಗೊತ್ತಾಗ್ಲಿಲ್ಲ.

"ತೊಂಬತ್ತೇಳು ಮೀಟರ್ ಎತ್ತರ," ಅಂತ ಗೈಡಕ್ಕ ಮಂಜಿನ ಕಡೆ ತಿರುಗಿ ಹೇಳಿದ್ಲು. "ಮೇಲಿಂದ ನೀರು ಹೆಂಗೆ ಧುಮುಕ್ತಿದೆ ನೋಡಿ. ಚೆನ್ನಾಗಿದೆ ಅಲ್ವಾ?"

"ಹೌದೂ," ಅಂದ್ರು ಎಲ್ರೂ. ಗೈಡಕ್ಕ ಕೇಳಿದ್ರೆ ಹೌದು ಅನ್ನೋದು ಬೆಳಿಗ್ಗೆಯಿಂದ ಬಸ್ಸಲ್ಲೇ ಅಭ್ಯಾಸ ಆಗಿತ್ತು.

ಸದ್ದು ಮಾತ್ರ ಇತ್ತು. ಎಲ್ಲೋ ಹತ್ತಿರದಲ್ಲಿ ದೊಡ್ಡದೊಂದು ಏನೋ ಬೀಳ್ತಾನೇ ಇತ್ತು. ಕಾಲ ಕೆಳಗಿನ ಕಾಂಕ್ರೀಟು ಗುಂಯ್ ಅಂತಿತ್ತು. ಮುಖಕ್ಕೆ ಸಣ್ಣ ಸಣ್ಣ ಹನಿ ಬಡೀತಿತ್ತು. ಡೈಗೊ ಎರಡೂ ಕಿವಿ ಮುಚ್ಕೊಂಡು ನಿಂತಿದ್ದ. ಮುನಕಾತಾ ಮೇಷ್ಟ್ರು ಕನ್ನಡಕ ಒರೆಸಿದ್ರು, ಹಾಕ್ಕೊಂಡ್ರು, ಮತ್ತೆ ಒರೆಸಿದ್ರು.

ಆಮೇಲೆ ಗ್ರೂಪ್ ಫೋಟೋ. ಎಲ್ರನ್ನೂ ಬೆಂಚಿನ ಮೇಲೆ ಸಾಲಾಗಿ ನಿಲ್ಲಿಸಿದ ಫೋಟೋದಣ್ಣ ಕ್ಯಾಮೆರಾ ಹಿಂದಿನಿಂದ ಹೇಳಿದ, "ಹಿಂದಿನ ಸಾಲಿನವರು ಸ್ವಲ್ಪ ಬಗ್ಗಿ. ಜಲಪಾತಕ್ಕೆ ಅಡ್ಡ ಆಗ್ತಿದೀರ."

ಎಲ್ರೂ ಬಗ್ಗಿದ್ರು. ಮಿನೋರಿ ಒಬ್ಬಳು ಬಗ್ಗಲಿಲ್ಲ.

"ಯಾವ ಜಲಪಾತಕ್ಕೆ?" ಅಂದ್ಲು.

"ಸುಮ್ನೆ ಬಗ್ಗೇ," ಅಂತ ಪಕ್ಕದಲ್ಲಿದ್ದ ಸುಮಿರೆ ಅವಳ ರೇನ್‌ಕೋಟು ಎಳೆದ್ಲು. "ನಂಗೆ ತುದಿ ಕಾಣ್ತು."

"ಯಾವ ತುದಿ?"

"ತುದಿ ಅಂದ್ರೆ ತುದಿ."

ಲಿಫ್ಟಲ್ಲಿ ಮೇಲೆ ಬರೋಷ್ಟರಲ್ಲಿ ಡೈಗೊಗೆ ಅರ್ಧ ಜಲಪಾತ ಕಂಡಿತ್ತು. ಲಿಫ್ಟಿನ ಬಾಗಿಲು ತೆಗೆದಾಗ ಪೂರ್ತಿ. ಅಂಗಡಿ ಸಾಲಿಗೆ ಬಂದಾಗ ಜಲಪಾತದ ಪಕ್ಕದಲ್ಲಿ ಒಂದು ಕರಡಿ ನಿಂತಿತ್ತು. ಊಟದ ಡಬ್ಬಿ ತೆಗೆಯೋ ಹೊತ್ತಿಗೆ ಆ ಕರಡಿ ಮರಿ ಹಾಕಿತ್ತು.

"ನಂಗೇನೂ ಕಾಣ್ಲಿಲ್ಲ," ಅಂದ್ಲು ಮಿನೋರಿ.

"ಕಣ್ಣು ತೋರಿಸ್ಕೋ ಡಾಕ್ಟರ್ ಹತ್ರ," ಅಂದ ಡೈಗೊ.

ಎಲ್ರೂ ನಕ್ರು. ಮಿನೋರಿ ನಗಲಿಲ್ಲ. ನಗೋಕಾಗದೇ ಇರೋಕೆ ಅವಳಿಗೊಂದು ಕಾರಣ ಇತ್ತು. ಆ ಕಾರಣ ಅವಳ ಅಪ್ಪನ ಅಂಗಡೀಲಿ, ಗೋಡೆ ಮೇಲೆ ಇತ್ತು.

ಮಿನೋರಿಯ ಅಪ್ಪ ಶಿಗೆರುದು ಕಾಝೊ ಊರಲ್ಲಿ ಕಟಿಂಗ್ ಅಂಗಡಿ. ಅಂಗಡಿ ಗೋಡೆ ಮೇಲೆ ಕನ್ನಡಿಗೆ ಎದುರಾಗಿ ಒಂದು ಚಿತ್ರ ಇದೆ. ಅಪ್ಪ ಇದೇ ಸ್ಕೂಲಲ್ಲಿ ಐದನೇ ಕ್ಲಾಸಲ್ಲಿದ್ದಾಗ, ಇದೇ ಜೂನ್ ತಿಂಗಳ ಟ್ರಿಪ್ಪಿಗೆ ಹೋಗಿ ಬಂದು ಬರೆದ ಕೆಗೊನ್ ಜಲಪಾತ. ಮಧ್ಯದಲ್ಲಿ ದಪ್ಪಗೆ ಬಿಳಿ ನೀರು. ಎರಡೂ ಪಕ್ಕ ಬೆಂಕಿ ಹತ್ತಿದ ಹಾಗೆ ಕೆಂಪು ಎಲೆಗಳು. ಮೂಲೆಯಲ್ಲಿ ಮೊದಲ ಬಹುಮಾನದ ಬಂಗಾರದ ಕಾಗದ.

ಕುರ್ಚೀಲಿ ಕೂತವರಿಗೆಲ್ಲ ಆ ಚಿತ್ರ ಕನ್ನಡೀಲಿ ಕಾಣುತ್ತೆ. ಕಂಡಮೇಲೆ ಕೇಳ್ತಾರೆ. ಕೇಳಿದಮೇಲೆ ಅಪ್ಪ ಹೇಳ್ತಾರೆ. "ಆ ನೀರಿನ ಗಾಳಿಗೆ ನನ್ನ ಟೋಪಿ ಹಾರಿಹೋಯ್ತು ನೋಡಿ. ಇವತ್ತಿನವರೆಗೂ ಕೆಳಗೆ ಬಿದ್ದಿಲ್ಲ." ಕೆಲವರು ತಲೆಗೂದಲು ಬೆಳೆಯೋಕೆ ಮುಂಚೇನೇ ಬರ್ತಿದ್ರು, ಆ ಟೋಪಿ ವಿಷಯ ಏನಾಯ್ತು ಅಂತ ಕೇಳೋಕೆ.

ಟ್ರಿಪ್ಪಿನ ಹಿಂದಿನ ದಿನ ಅಪ್ಪ ತನ್ನ ಚಿತ್ರದ ಪಕ್ಕದಲ್ಲಿ ಒಂದು ಹೊಸ ಮೊಳೆ ಹೊಡೆದಿದ್ರು.

"ಇದು ನಿಂಗೆ," ಅಂದಿದ್ರು. "ಚೆನ್ನಾಗಿ ನೋಡ್ಕೊಂಡು ಬಾ. ಬರೆದು ಇಲ್ಲಿ ತಗಲಾಕು."

ವಾಪಸ್ ಬರೋವಾಗ ಬಸ್ಸಲ್ಲಿ ಎಲ್ರ ಕೈಯಲ್ಲೂ ಒಂದೊಂದು ಪೋಸ್ಟ್‌ಕಾರ್ಡ್. ಕೆಗೊನ್ ಜಲಪಾತದ್ದು. ಮಿನೋರಿ ಮಾತ್ರ ಆ ದುಡ್ಡಿಗೆ ಉಪ್ಪಿನಕಾಯಿ ತಗೊಂಡಿದ್ಲು.

ಗೈಡಕ್ಕ ಮೈಕ್ ಹಿಡಿದು ಕೇಳಿದ್ಲು, "ಎಲ್ರೂ ಜಲಪಾತ ನೋಡಿದ್ರಾ?"

"ನೋಡಿದ್ವೀ."

"ಇಲ್ಲ," ಅಂದ್ಲು ಮಿನೋರಿ.

ಬಸ್ಸು ಬೆಟ್ಟದ ತಿರುವುಗಳಲ್ಲಿ ಇಳೀತಿತ್ತು. ಡೈಗೊನ ಮುಖ ಅಷ್ಟರಲ್ಲೇ ಹಸಿರು ಬಣ್ಣಕ್ಕೆ ತಿರುಗಿ, ಪ್ಲಾಸ್ಟಿಕ್ ಕವರೊಳಗೆ ಸೇರಿತ್ತು. ಕವರೊಳಗಿಂದಾನೇ ಹೇಳಿದ, "ನಾನು ನೋಡ್ದೆ."

ಗೈಡಕ್ಕ, "ಈಗ ಎಲ್ರೂ ಒಂದು ಹಾಡು ಹೇಳೋಣ," ಅಂದ್ಲು.

ಸ್ಕೂಲ್ ಗೇಟಲ್ಲಿ ಇಳಿಯೋವಾಗ ಮಾತ್ರ ಅವಳು ಬಾಗಿಲ ಹತ್ರ ನಿಂತು, ಮಿನೋರಿ ಕಿವಿ ಹತ್ರ ಬಗ್ಗಿದ್ಲು. "ಈ ಕೆಲಸಕ್ಕೆ ಸೇರಿ ಮೂರು ವರ್ಷ ಆಯ್ತು. ಪ್ರತಿ ಜೂನಲ್ಲೂ ಸ್ಕೂಲ್ ಮಕ್ಕಳನ್ನ ಕರ್ಕೊಂಡು ಬರ್ತೀನಿ. ಜೂನಲ್ಲಿ ನಾನೂ ಒಂದ್ಸಲಾನೂ ನೋಡಿಲ್ಲ." ಆಮೇಲೆ ನೆಟ್ಟಗೆ ನಿಂತು, ಗ್ಲೌಸು ಸರಿ ಮಾಡ್ಕೊಂಡು, ಎಲ್ರಿಗೂ ಬಗ್ಗಿ ನಮಸ್ಕಾರ ಮಾಡಿದ್ಲು.

ಡ್ರಾಯಿಂಗ್ ಕ್ಲಾಸಲ್ಲಿ ಗಲಾಟೆ ಶುರುವಾಯ್ತು.

ಶನಿವಾರ ಅಪ್ಪ ಅಮ್ಮಂದಿರು ಸ್ಕೂಲಿಗೆ ಬರೋ ದಿನ. ಅಷ್ಟರಲ್ಲಿ ಎಲ್ರ ಜಲಪಾತಾನೂ ಕಾರಿಡಾರಿನ ಗೋಡೆಗೆ ಏರಬೇಕು. ಮಕ್ಕಳೆಲ್ಲ ಪೆನ್ಸಿಲ್ ಡಬ್ಬಿಗೆ ಪೋಸ್ಟ್‌ಕಾರ್ಡ್ ಒರಗಿಸಿ ಇಟ್ಕೊಂಡು ಬರೀತಿದ್ರು. ಅರ್ಧ ಗಂಟೇಲಿ ಇಡೀ ಕ್ಲಾಸಿನ ಕೆಂಪು ಬಣ್ಣ ಖಾಲಿ.

"ಇದು ಜೂನ್," ಅಂದ್ಲು ಮಿನೋರಿ. "ಮೇಪಲ್ ಎಲೆ ಕೆಂಪಾಗೋಕೆ ಇನ್ನೂ ನಾಕು ತಿಂಗಳಿದೆ."

"ಜಲಪಾತದ ಹತ್ರ ಬೇಗ ಆಗುತ್ತೆ," ಅಂದ ಡೈಗೊ, ಕರಡಿಯ ಎರಡನೇ ಮರಿಗೆ ಬಾಲ ಬರೀತಾ.

ಮುನಕಾತಾ ಮೇಷ್ಟ್ರು ಒಂದೊಂದೇ ಡೆಸ್ಕು ನೋಡ್ತಾ ಬಂದ್ರು. ಮಿನೋರಿ ಡೆಸ್ಕಿನ ಹತ್ರ ನಿಂತ್ರು. ಅವಳ ಹಾಳೆಯ ಕೆಳಗಡೆ ಒಂದು ಕಂಬಿ. ಕಂಬಿ ಹಿಡ್ಕೊಂಡು ರೇನ್‌ಕೋಟ್ ಹಾಕ್ಕೊಂಡ ಮಕ್ಕಳ ಬೆನ್ನುಗಳು. ಒಬ್ಬ ಕಿವಿ ಮುಚ್ಕೊಂಡಿದಾನೆ. ಕೂದಲೆಲ್ಲ ಒದ್ದೆ, ಹಿಂದಕ್ಕೆ ಹಾರಿವೆ. ಗೈಡಕ್ಕ ಒಂದು ಕೈಲಿ ಟೋಪಿ ಒತ್ತಿ ಹಿಡಿದು ಇನ್ನೊಂದು ಕೈ ಚಾಚಿದಾಳೆ. ಆ ಕೈ ಮಣಿಕಟ್ಟಿಗೆ ಮುಗಿದಿದೆ. ಅದರ ಮೇಲೆ ಮುಕ್ಕಾಲು ಹಾಳೆ ಖಾಲಿ.

"ಜಲಪಾತ ಬರೆಯೋದು ಮರ್ತಿದೀಯ," ಅಂದ್ರು.

"ಮರ್ತಿಲ್ಲ ಸೆನ್ಸೇ. ಅಲ್ಲೇ ಇದೆ. ಮಂಜು ಅಡ್ಡ ಬಂದಿದೆ."

"ಮಿನೋರಿ, ಮನೆಯವರೆಲ್ಲ ಬರ್ತಾರೆ. ಇಷ್ಟು ಖಾಲಿ ಬಿಟ್ರೆ, ಈ ಸ್ಕೂಲಲ್ಲಿ ಮಕ್ಕಳಿಗೆ ಬಣ್ಣ ಕೊಡಲ್ವಾ ಅಂತಾರೆ. ಸುಮಿರೆ ಪೋಸ್ಟ್‌ಕಾರ್ಡ್ ಕೊಡ್ತಾಳೆ, ನೋಡ್ಕೊಂಡು ಬರಿ."

"ಬರೆಯಲ್ಲ ಸೆನ್ಸೇ."

ಡೈಗೊನ ಬ್ರಶ್ಶಿಂದ ಕೆಂಪು ಬಣ್ಣ ತೊಟ್ಟಿಕ್ಕಿ ಕರಡಿ ತಲೆ ಮೇಲೆ ಬಿತ್ತು.

"ಬರೀದಿದ್ರೆ ಗೋಡೇಲಿ ನಿನ್ನ ಹೆಸರಿನ ಜಾಗ ಖಾಲಿ ಇರುತ್ತೆ," ಅಂದ್ರು ಮೇಷ್ಟ್ರು.

"ಇರ್ಲಿ ಬಿಡಿ. ಖಾಲಿ ಜಾಗಾನೂ ಇದೇ ಥರ ಕಾಣುತ್ತೆ." ಆಮೇಲೆ ಅವಳೇ ಕೇಳಿದ್ಲು, "ಸೆನ್ಸೇ, ನೀವು ನೋಡಿದ್ರಾ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದ್ರು. ಕ್ಲಾಸಲ್ಲಿ ಮಂಜೇನೂ ಇರ್ಲಿಲ್ಲ.

"ನಾನು ಮಕ್ಕಳನ್ನ ಎಣಿಸ್ತಿದ್ದೆ," ಅಂದ್ರು.

ಸಾಯಂಕಾಲ ಅಂಗಡೀಲಿ ಹಳೇ ಗಿರಾಕಿ ಓಕುಬೊ ತಾತ ಕುರ್ಚೀಲಿ ಕೂತಿದ್ರು, ಮುಖದ ತುಂಬ ನೊರೆ. ಅಪ್ಪ ರೇಜರ್ ಹಿಡ್ಕೊಂಡಿದ್ರು.

"ಬರೆದ್ಯಾ?" ಅಂದ್ರು ಅಪ್ಪ, ತಿರುಗದೇನೇ.

"ಬರೆದೆ. ಜಲಪಾತ ಇಲ್ಲ ಅದ್ರಲ್ಲಿ. ನಂಗೆ ಕಾಣ್ಲಿಲ್ಲ."

ರೇಜರ್ ಗಾಳೀಲಿ ನಿಂತಿತು.

"ಕಾಣ್ದೆ ಇದ್ರೇನು," ಅಂದ್ರು ಓಕುಬೊ ತಾತ ನೊರೆಯೊಳಗಿಂದ. "ನಿಮ್ಮಪ್ಪನ ಜಲಪಾತ ಇಲ್ವಾ ಇಲ್ಲೇ. ನೋಡ್ಕೊಂಡು ಬರಿ. ಟೋಪಿ ಒಂದು ಸೇರಿಸು."

"ತಾತ ಹೇಳಿದ್ದು ಸರಿ," ಅಂದ್ರು ಅಪ್ಪ. "ಸುಮ್ನೆ ನಂದು ನೋಡಿ ಬರಿ. ಯಾರಿಗೆ ಗೊತ್ತಾಗುತ್ತೆ."

"ನಂಗೆ ಗೊತ್ತಾಗುತ್ತೆ."

"ಮತ್ತೆ ಈ ಮೊಳೆ?"

ಆ ಮೊಳೆ ಮಿನೋರಿಗೆ ಬೇಕಿತ್ತು. ಆದ್ರೂ ಹೇಳಿದ್ಲು, "ಅದು ಖಾಲಿ ಇರ್ಲಿ. ನೀನು ನಿನ್ನ ಟೋಪಿ ತಗಲಾಕು, ಕೆಳಗೆ ಬಿದ್ದಾಗ."

ತಾತ ನಕ್ಕ ರಭಸಕ್ಕೆ ನೊರೆ ಎಲ್ಲ ಕನ್ನಡಿಗೆ ಹಾರಿತು. ಅಪ್ಪ ಕನ್ನಡಿ ಒರೆಸಿದ್ರು.

ಶನಿವಾರ ಅಪ್ಪ ಸ್ಕೂಲಿಗೆ ಬಂದ್ರು. ಕೋಟು, ಟೈ, ಕಾಲಿಗೆ ಸ್ಕೂಲಿನವರು ಕೊಡೋ ಹಸಿರು ಚಪ್ಪಲಿ. ಹಿಮ್ಮಡಿ ಅರ್ಧ ಹೊರಗೇ ಇತ್ತು.

ಕಾರಿಡಾರಿನ ಉದ್ದಕ್ಕೂ ಕೆಂಪು ಎಲೆ, ಬಿಳಿ ನೀರು. ಕೆಂಪು ಎಲೆ, ಬಿಳಿ ನೀರು. ಒಂದರಲ್ಲಿ ಕರಡಿ ಸಂಸಾರ. ಅಪ್ಪ ಅಮ್ಮಂದಿರು ಎಲ್ಲ ಚಿತ್ರಕ್ಕೂ "ಓಹೋ" ಅಂತ ನಿಂತು ಹೋಗ್ತಿದ್ರು. ಕೊನೇಲಿ, ಬೆಂಕಿ ಆರಿಸೋ ಸಿಲಿಂಡರಿನ ಪಕ್ಕದಲ್ಲಿ, ಮಿನೋರಿಯ ಚಿತ್ರಾನೂ ಇತ್ತು. ಮುನಕಾತಾ ಮೇಷ್ಟ್ರು ಅದನ್ನ ಯಾವಾಗ ಹಾಕಿದ್ರೋ ಯಾರೂ ನೋಡಿರ್ಲಿಲ್ಲ. ಕೆಳಗೆ ಎಲ್ರ ಹಾಗೇನೇ ಚೀಟಿ. ಕೆಗೊನ್ ಜಲಪಾತ, ಮಿನೋರಿ.

ಯಾರೋ ಒಬ್ಬ ಅಮ್ಮ, "ಪಾಪ, ಮುಗಿಸೋಕೆ ಟೈಮ್ ಸಿಕ್ಕಿಲ್ಲ," ಅಂದ್ಕೊಂಡು ಹೋದ್ರು.

ಮಿನೋರಿ ಅಲ್ಲೇ ನಿಂತಿದ್ಲು, ಕೈ ಕಟ್ಕೊಂಡು. ಯಾರು ಏನಂದ್ರೂ ಒಂದು ಉತ್ತರ ರೆಡಿ ಇಟ್ಕೊಂಡಿದ್ಲು.

ಅಪ್ಪ ಬಂದ್ರು. ನಿಂತ್ರು. ಬಗ್ಗಿ ನೋಡಿದ್ರು. ಎಷ್ಟು ಹೊತ್ತು ನೋಡಿದ್ರು ಅಂದ್ರೆ, ಹಿಂದೆ ಬರೋರೆಲ್ಲ ಸುತ್ತು ಹಾಕ್ಕೊಂಡು ಹೋಗಬೇಕಾಯ್ತು.

"ಕಿವಿ ಮುಚ್ಕೊಂಡಿರೋನು ಯಾರು?"

"ಡೈಗೊ."

"ಮುಚ್ಕೊಂಡ್ರೆ ಏನೂ ಉಪಯೋಗ ಇಲ್ಲ," ಅಂದ್ರು ಅಪ್ಪ, ಚಿತ್ರದ ಜೊತೆ ಮಾತಾಡೋ ಹಾಗೆ. "ಆ ಸದ್ದು ಕಾಲಿಂದ ಹತ್ತುತ್ತೆ. ಹೊಟ್ಟೇಲೆಲ್ಲ ಗುಂಯ್ ಅನ್ನುತ್ತೆ. ಎದುರಿಗಿದ್ಯೋ ಹಿಂದಿದ್ಯೋ ಅಂತ್ಲೇ ಗೊತ್ತಾಗಲ್ಲ. ಎಲ್ಲಾ ಕಡೆ ಬಿಳೀ. ಕಂಬಿ ಬಿಟ್ರೆ ಎಲ್ಲಿ ಕಳೆದುಹೋಗ್ತೀನೋ ಅಂತ..."

ಅಷ್ಟಕ್ಕೇ ನಿಲ್ಲಿಸಿದ್ರು.

ಮಿನೋರಿ ಅಪ್ಪನ ಮುಖ ನೋಡಿದ್ಲು. ಅಪ್ಪ ಟೈ ಸರಿ ಮಾಡ್ಕೊಂಡ್ರು.

"ಕ್ಲಾಸು ಶುರುವಾಗುತ್ತೆ, ನಡಿ," ಅಂದು ಹಸಿರು ಚಪ್ಪಲಿ ಪಟಪಟ ಅನ್ನಿಸ್ತಾ ಮುಂದೆ ಹೋದ್ರು. ಕ್ಲಾಸು ಆ ಕಡೆ ಇರ್ಲಿಲ್ಲ.

ಅವತ್ತು ಸಾಯಂಕಾಲ ಮಿನೋರಿ ಅಂಗಡೀಲಿ ನೆಲದ ಮೇಲಿನ ಕೂದಲು ಗುಡಿಸ್ತಿದ್ಲು. ಗುಡಿಸ್ತಾ ಗುಡಿಸ್ತಾ ಅಪ್ಪನ ಚಿತ್ರದ ಕೆಳಗೆ ಬಂದ್ಲು. ತಲೆ ಎತ್ತಿದ್ಲು.

ದಪ್ಪಗೆ ಬಿಳಿ ನೀರು. ಎರಡೂ ಪಕ್ಕ ಕೆಂಪು ಎಲೆಗಳು. ಮೂಲೇಲಿ ಬಂಗಾರದ ಕಾಗದ.

ಎಲೆಗಳು ಕೆಂಪಗಿದ್ವು. ಅದೂ ಜೂನಲ್ಲಿ.

ಅವಳು ಪೊರಕೆ ಹಿಡ್ಕೊಂಡು ಹಾಗೇ ನಿಂತ್ಲು. ಕಂಬಿ ಹಿಡ್ಕೊಂಡು ನಿಂತ ಇನ್ನೊಬ್ಬ ಹುಡುಗ ಅವಳ ಕಣ್ಣಿಗೆ ಕಂಡ. ಅವನ ಕೂದಲೂ ಒದ್ದೆ. ಅವನ ಎದುರಿಗೂ ಏನೂ ಇಲ್ಲ.

ಬಾಗಿಲ ಗಂಟೆ ಕಿಣಿ ಅಂತು. ಓಕುಬೊ ತಾತ ಬಂದ್ರು. ಅವರ ತಲೇಲಿ ಕತ್ತರಿಸೋಕೆ ಏನೂ ಉಳಿದಿರ್ಲಿಲ್ಲ. ಆದ್ರೂ ಕುರ್ಚೀಲಿ ಕೂತು ಕನ್ನಡಿ ನೋಡಿದ್ರು.

"ಅರೆ, ಹೊಸ ಮೊಳೆಗೆ ಏನೋ ಬಂದಿದೆ. ಏನಿದು ಶಿಗೆರು?"

ಮಿನೋರಿ ಸರಕ್ಕನೆ ತಿರುಗಿದ್ಲು. ಅಪ್ಪನ ಚಿತ್ರಾನೇ ನೋಡ್ತಿದ್ದವಳು ಪಕ್ಕದ ಮೊಳೆ ಕಡೆ ನೋಡಿರ್ಲಿಲ್ಲ. ಮೇಷ್ಟ್ರನ್ನ ಕೇಳಿ ಸ್ಕೂಲಿಂದ ತಂದು, ಅವಳು ಒಳಗೆ ಬ್ಯಾಗ್ ಇಡೋಕೆ ಹೋದಾಗ ಅಪ್ಪ ತಗಲಾಕಿದ್ರು ಅಂತ ಕಾಣುತ್ತೆ. ಅವಳ ಕಂಬಿ, ಅವಳ ಬೆನ್ನುಗಳು, ಅವಳ ಮುಕ್ಕಾಲು ಹಾಳೆ.

"ಕೆಗೊನ್ ಜಲಪಾತ," ಅಂದ್ರು ಅಪ್ಪ, ತಾತನ ಕುತ್ತಿಗೆಗೆ ಬಟ್ಟೆ ಕಟ್ತಾ.

"ಜಲಪಾತ ಎಲ್ಲಿದೆ?"

"ಮಂಜಿನ ಹಿಂದೆ."

"ಮಂಜಾ? ಹಂಗಾದ್ರೆ ನಿಂದ್ರಲ್ಲಿ ಹೆಂಗೆ ಅಷ್ಟು ಚೆನ್ನಾಗಿ ಕಾಣ್ತಿದೆ?"

ಕತ್ತರಿ ಎರಡು ಸಲ ಗಾಳೀಲಿ ಕಚಕಚ ಅಂತು.

"ತಲೆ ಅಲ್ಲಾಡಿಸ್ಬೇಡಿ," ಅಂದ್ರು ಅಪ್ಪ.

ಕನ್ನಡೀಲಿ ಅಪ್ಪನ ಕಣ್ಣು ಮಿನೋರಿ ಕಣ್ಣಿಗೆ ಸಿಕ್ತು. ಅವಳು ಬಾಯಿ ತೆರೆದ್ಲು. ಆಮೇಲೆ ಮುಚ್ಚಿದ್ಲು. ಸೊಟ್ಟಗಿದ್ದ ಅಪ್ಪನ ಚಿತ್ರವನ್ನ ಪೊರಕೆ ತುದಿಯಿಂದ ಮೆಲ್ಲಗೆ ತಳ್ಳಿ ನೆಟ್ಟಗೆ ಮಾಡಿ, ಮತ್ತೆ ಗುಡಿಸೋಕೆ ಶುರುಮಾಡಿದ್ಲು.