ಒಂದು ಗೇಣು ಸಂದಿ

ಪಾಣೆಮಂಗಳೂರಿನ ಹೊಳೆಬದಿಯಲ್ಲಿ ನನ್ನ ಮಾವನವರು ಕಟ್ಟಿಸಿದ ದೋಣಿ ಶೆಡ್ ಈಗಲೂ ಇದೆ. ಮಂಗಳೂರಿಗೆ ಹೆಂಚು, ತೆಂಗಿನಕಾಯಿ ಒಯ್ಯುತ್ತಿದ್ದ ದೋಣಿಗಳು ಅಲ್ಲೇ ಹುಟ್ಟಿ ಅಲ್ಲೇ ರಿಪೇರಿಯಾಗುತ್ತಿದ್ದವು. ಕೊನೆಯ ದೋಣಿಯ ಹಲಗೆಗಳ ಸಂದಿಗೆ ಹತ್ತಿ ಬಡಿದು ತುಂಬುತ್ತಿರುವಾಗಲೇ ಮೇಸ್ತ್ರಿ ಅಬೂಬಕ್ಕರ್ ತೀರಿಕೊಂಡರು. ಒಂದು ಗೇಣು ಸಂದಿ ಹಾಗೇ ಉಳಿಯಿತು. ಹನ್ನೊಂದು ವರ್ಷದಿಂದ ಶೆಡ್ಡಿನ ಒಂದೇ ಬೀಗದ ಕೈ ನನ್ನ ಸೊಂಟದಲ್ಲಿದೆ.

ಕಳೆದ ಏಪ್ರಿಲಿನ ಒಂದು ಮಧ್ಯಾಹ್ನ ಮೈದುನನ ಮಗ ನಿತ್ಯಾನಂದ, ದೋಣಿ ಕೊಯ್ದು ಮರ ಒಯ್ಯುವವರನ್ನು ಕರೆತಂದ. ನಾನು ಬೀಗ ತೆಗೆದೆ. ಹೊರಗೆ ಸುಡುಬಿಸಿಲು, ಆದರೆ ದೋಣಿಯ ಮೈ ಬಾವಿಯೊಳಗಿನ ಕಲ್ಲಿನಷ್ಟು ತಣ್ಣಗಿತ್ತು. ದೋಣಿಗೆ ಬಳಿಯುವ ಗೇರೆಣ್ಣೆಯ ಹಸಿ ವಾಸನೆ ಬಂತು. ಮಣೆಯ ಮೇಲೆ ಮಡಚಿದ ಗೋಣಿಯೊಂದಿತ್ತು. ನನ್ನ ಸೀರೆಗೆ ಎಣ್ಣೆ ತಾಗಬಾರದೆಂದು ಅಬೂಬಕ್ಕರ್ ಯಾವಾಗಲೂ ಹಾಗೆ ಹಾಸಿಡುತ್ತಿದ್ದರು.

"ನೀವು ಇಟ್ಟದ್ದಾ ದೊಡ್ಡಮ್ಮ?" ನಿತ್ಯಾನಂದ ಕೇಳಿದ.

"ನಾನಲ್ಲ."

ಆಗ ದೋಣಿಯ ಆಚೆ ಬದಿಯಿಂದ ಹತ್ತಿ ಬಡಿಯುವ ಕೊಡತಿಯ ಏಟು ಕೇಳಿಸಿತು. ಮೂರು, ಸ್ವಲ್ಪ ಬಿಟ್ಟು ಮತ್ತೆ ಮೂರು. ಮರದವರು ಗರಗಸ ಎತ್ತಿಕೊಂಡು ರಸ್ತೆಗೆ ನಡೆದರು.

"ಇಲಿ ಇರಬೇಕು. ಅವರನ್ನು ವಾಪಸ್ ಕರೆಯುವ."

"ಇಲಿ ಎಣಿಸಿ ಬಡಿಯುವುದುಂಟಾ ಮಾರಾಯ? ಕೆಲಸ ಮುಗಿಯದ ದೋಣಿಯನ್ನು ಕೊಯ್ಯಲಿಕ್ಕೆ ನಾನು ಬಿಡುವುದಿಲ್ಲ. ನೂರು ಜನ ಬಂದರೂ ಅಷ್ಟೇ."

ಹಾಗೆಂದು ಆ ಗೋಣಿಯ ಮೇಲೆಯೇ ಕುಳಿತೆ. ಅವನು ಹೋದ ಮೇಲೆ ಎದ್ದು ಬೀಗ ಹಾಕಿದೆ.

ಇವತ್ತು ಬೆಳಿಗ್ಗೆ ಬೀಗ ತೆಗೆದು ಸಂದಿ ಅಳೆದೆ. ನಾಲ್ಕು ಬೆರಳಷ್ಟೇ ಉಳಿದಿದೆ. ತುಂಬಿದ ಹತ್ತಿ ಬೆಳ್ಳಗಿದೆ.