ವಾಪಸ್ ಬಂದ ವೀಲ್‌ಚೇರ್

ಎರಡೂ ಕಾಲುಗಳಲ್ಲಿ ಸ್ವಾಧೀನವಿಲ್ಲದ ಮನುಷ್ಯ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರುತ್ತಾ ನನ್ನನ್ನು ಅಟ್ಟಿಸಿಕೊಂಡು ಬರುತ್ತಿದ್ದ!

ಅವನ ಕೈಯಲ್ಲಿ ಕಬ್ಬಿಣದ ಕೊಳವೆ.

ನನ್ನ ಕೈಯಲ್ಲಿ ಫೋನು.

“ಫೋನ್ ಕೊಡೋ! ಕೊಡ್ದೆ ಇದ್ರೆ ತಲೆ ಒಡೀತೀನಿ!”

“ಸ್ವಲ್ಪ ಸುಧಾರಿಸ್ಕೊಳ್ಳಿ ಸಾರ್... ಪೇಶೆಂಟ್ ಅಲ್ವಾ ನೀವು!”

ಐದನೇ ಮಹಡಿ... ಆರನೇ ಮಹಡಿ... ನನಗೆ ಐವತ್ತೆರಡು ವರ್ಷ. ಮಂಡಿಗಳು ಎಂದೋ ರಾಜೀನಾಮೆ ಕೊಟ್ಟಿವೆ. ಹಿಂದಿನಿಂದ ಕೊಳವೆ ಬೀಸಿ ಬಂತು. ಕಂಬಿಗೆ ಬಡಿದು ಠಣ್ ಎಂದಿತು. ನನ್ನ ಕಿವಿಯಿಂದ ಒಂದು ಗೇಣು ದೂರ!

ಇಷ್ಟಕ್ಕೂ ನಾನು ಅಲ್ಲಿಗೆ ಹೋಗಿದ್ದು ಯಾಕೆ ಅಂತೀರಾ?

ಆ ಕೊಳವೆಯನ್ನು ವಾಪಸ್ ಕೇಳುವುದಕ್ಕೆ.

ನನ್ನ ತಂಗಿ ಆನ್‌ಲೈನಿನಲ್ಲಿ ವೀಲ್‌ಚೇರ್, ಊರುಗೋಲು, ವಾಕರ್, ಸೊಂಟದ ಬೆಲ್ಟ್ ಮಾರುತ್ತಾಳೆ. ಅಂಗಡಿ ಎಂದರೆ ಅವಳ ಮನೆಯ ಹಿಂದಿನ ಕೋಣೆ. ಸೂರಿನವರೆಗೆ ರಟ್ಟಿನ ಡಬ್ಬಗಳು, ಒಂದು ಲೇಬಲ್ ಪ್ರಿಂಟರ್, ದಿನವಿಡೀ ಟೇಪು ಎಳೆಯುವ ಕರಕರ ಸದ್ದು. ನಾನು ಇಪ್ಪತ್ತು ವರ್ಷ ಇನ್ಶೂರೆನ್ಸ್ ಕಂಪನಿಗಳಿಗೆ ಸುಳ್ಳು ಕ್ಲೇಮುಗಳನ್ನು ಹಿಡಿದುಕೊಟ್ಟವನು. ಈಗ ತಂಗಿಗೆ ವಾಪಸ್ ಬರುವ ಮಾಲಿನ ಹಿಂದೆ ಅಲೆಯುತ್ತೇನೆ. ಕೆಲಸ ಬದಲಾಗಿದೆ, ಜನ ಬದಲಾಗಿಲ್ಲ. ಅತ್ತೆ ತೀರಿಕೊಂಡ ಮರುದಿನವೇ ಅವರ ವಾಕರನ್ನು ‘ಬಳಸಿಯೇ ಇಲ್ಲ’ ಎಂದು ಕಳಿಸಿದ ಅಳಿಯನನ್ನು ಕಂಡಿದ್ದೇನೆ. ನಾಯಿ ಕಡಿದ ಊರುಗೋಲನ್ನು ‘ನೀವು ಕಳಿಸಿದ್ದೇ ಹೀಗೆ’ ಎಂದವನನ್ನೂ ಕಂಡಿದ್ದೇನೆ.

ಈ ಗಿರಾಕಿ ಅವರೆಲ್ಲರ ಅಪ್ಪ!

ವೀಲ್‌ಚೇರ್ ಕೊಂಡ ಇಪ್ಪತ್ತೊಂಬತ್ತನೇ ದಿನ ವಾಪಸ್ ಮಾಡಿದ್ದ. ಆನ್‌ಲೈನ್ ಸೈಟಿನವರು ವಾಪಸಾತಿಗೆ ಕೊಡುವ ಗಡುವು ಮೂವತ್ತು ದಿನ. ಕಾರಣ: ‘ಇನ್ನು ಅಗತ್ಯವಿಲ್ಲ.’ ಸೀಟು ಹರಿದಿತ್ತು. ಎಡಗಾಲು ಇಡುವ ಫುಟ್‌ರೆಸ್ಟ್ ಕೊಳವೆ ಸಮೇತ ಮಾಯ.

ತಂಗಿ ಫೋನು ಮಾಡಿ ಕೇಳಿದ್ದಕ್ಕೆ ಅವನು ಉಗಿದು ಉಪ್ಪಿನಕಾಯಿ ಹಾಕಿದ್ದ.

“ನನ್ನನ್ನೇ ಕಳ್ಳಿ ಅಂದ ಅಣ್ಣ. ಕುರ್ಚಿ ಮುರಿದು ಬಿದ್ದೆ ಅಂತ ಕಂಪ್ಲೇಂಟ್ ಹಾಕ್ತಾನಂತೆ. ಸೈಟಲ್ಲಿರೋ ನನ್ನ ಖಾತೆನೇ ಮುಚ್ಚಿಸ್ತಾನಂತೆ. ಆರು ವರ್ಷದ ದುಡಿಮೆ...”

“ವಿಳಾಸ ಕೊಡು.”

“ಜಗಳ ಬೇಡ. ಆ ಫುಟ್‌ರೆಸ್ಟ್ ಇಸ್ಕೊಂಡು ಬಾ ಸಾಕು. ನಿನ್ನ ಬಾಯಿ ಒಂದು ಬಿಚ್ಬೇಡ.”

ಹೊರಡುವ ಮುಂಚೆ ಕುರ್ಚಿಯ ಬೆನ್ನಿನ ಚೀಲಕ್ಕೆ ಕೈ ಹಾಕಿದೆ. ಹಳೆಯ ಚಟ. ನಾಲ್ಕು ಮಡಿಕೆಯ ಒಂದು ಕಾಗದ ಸಿಕ್ಕಿತು. ವಕೀಲರ ಪತ್ರ. ಬ್ರೆಡ್ ಸಾಗಿಸುವ ವ್ಯಾನು ಇವನಿಗೆ ಗುದ್ದಿತಂತೆ. ಎರಡೂ ಕಾಲುಗಳು ಜೀವನಪೂರ್ತಿ ಹೋದವಂತೆ. ಡಾಕ್ಟರೊಬ್ಬ ಹಾಗೆಂದು ಸರ್ಟಿಫಿಕೇಟನ್ನೂ ಬರೆದುಕೊಟ್ಟಿದ್ದ. ವ್ಯಾನಿನ ಡ್ರೈವರ್ ಲೈಸೆನ್ಸು, ಕೆಲಸ ಎರಡನ್ನೂ ಕಳೆದುಕೊಂಡು ಮನೆಯಲ್ಲಿ ಕೂತಿದ್ದ. ಪರಿಹಾರದ ಕೊನೆಯ ವಿಚಾರಣೆ ಮರುದಿನ ಹನ್ನೊಂದು ಗಂಟೆಗೆ.

ಹಾಗಾದರೆ ಕುರ್ಚಿಯನ್ನು ಯಾಕೆ ವಾಪಸ್ ಮಾಡಿದ?

ಗಡುವು ಮುಗಿಯುತ್ತಿತ್ತಲ್ಲ! ಲಕ್ಷಗಳಿಗೆ ಬಾಯಿ ತೆರೆದು ನಿಂತವನಿಗೆ ಒಂದು ಕುರ್ಚಿಯ ದುಡ್ಡು ಬಿಡಲು ಹೊಟ್ಟೆ ಉರಿದಿತ್ತು. ಕಳ್ಳರನ್ನು ಬೇಕಾದಷ್ಟು ನೋಡಿದ್ದೇನೆ. ಇಷ್ಟು ಜಿಪುಣ ಕಳ್ಳನನ್ನು ನೋಡಿರಲಿಲ್ಲ.

ಮಟಮಟ ಮಧ್ಯಾಹ್ನ. ಲಿಫ್ಟಿನ ಮೇಲೆ ‘ಕೆಟ್ಟಿದೆ’ ಎಂಬ ಹಲಗೆ. ಉಬ್ಬಸ ಪಡುತ್ತಾ ನಾಲ್ಕನೇ ಮಹಡಿ ಹತ್ತಿದೆ.

ಬಾಗಿಲು ತೆರೆದೇ ಇತ್ತು. ಗಾಳಿಗೆ ಬಡಿದುಕೊಳ್ಳದಂತೆ ಅಡ್ಡ ಕೊಟ್ಟಿದ್ದು... ನಮ್ಮ ಫುಟ್‌ರೆಸ್ಟ್!

ಒಳಗೆ ನಮ್ಮ ಗಿರಾಕಿ ಮೇಜಿನ ಮೇಲೆ ತುದಿಗಾಲಲ್ಲಿ ನಿಂತು ಫ್ಯಾನು ಒರೆಸುತ್ತಿದ್ದ.

ಫೋನು ತೆಗೆದೆ. ವಿಡಿಯೋ ಒತ್ತಿದೆ.

“ನಮಸ್ಕಾರ ಸಾರ್. ಯಾವ ಡಾಕ್ಟ್ರು? ಕೈಗುಣ ಚೆನ್ನಾಗಿದೆ.”

ಅವನು ನನ್ನನ್ನು ನೋಡಿದ. ಫೋನನ್ನು ನೋಡಿದ. ಮೇಜಿನಿಂದ ಚಂಗನೆ ನೆಗೆದು ಬಾಗಿಲಿನ ಫುಟ್‌ರೆಸ್ಟನ್ನು ಕಿತ್ತುಕೊಂಡ!

ಅಷ್ಟರಲ್ಲಿ ಕೆಳಗಿನ ಮೆಟ್ಟಿಲ ತಿರುವಿನಲ್ಲಿ ಇಬ್ಬರು ಒಂದು ಬೀರುವನ್ನು ಸಿಕ್ಕಿಸಿಕೊಂಡು ಒದ್ದಾಡುತ್ತಿದ್ದರು. ಇಳಿಯಲು ದಾರಿಯಿಲ್ಲ. ಹತ್ತಿದೆ.

ಮುಂದಿನದು ನಿಮಗೆ ಗೊತ್ತು.

ತಾರಸಿಯ ಬಾಗಿಲು ದೂಡಿ ಹೊರಬಿದ್ದೆ. ಕಣ್ಣು ಕುಕ್ಕುವ ಬಿಸಿಲು. ನೀರಿನ ಟ್ಯಾಂಕು. ಹಗ್ಗದ ಮೇಲೆ ಸಾಲಾಗಿ ಒದ್ದೆ ಹೊದಿಕೆಗಳು. ಆಚೆ ದಾರಿ ಇಲ್ಲ.

ಅವನು ಬಾಗಿಲಿಗೆ ಅಡ್ಡ ನಿಂತ. ಬೆವರು ಒರೆಸಿಕೊಂಡ. ನಕ್ಕ.

“ನಿಂಗೇನು ಬೇಕೋ? ಪಾಲು ತಗೋ, ಮುಚ್ಕೊಂಡು ಹೋಗು.”

“ಫುಟ್‌ರೆಸ್ಟ್ ಬೇಕು.”

“ತಮಾಷೆ ಮಾಡ್ತೀಯಾ? ಆ ಡ್ರೈವರ್ ಏನು ನಿನ್ನ ಸೋದರಮಾವನಾ?”

“ಮುಖ ಕೂಡ ನೋಡಿಲ್ಲ. ನಿನ್ನ ಮುಖ ನೋಡಿದ್ದೇ ತಪ್ಪಾಯ್ತು.”

ಕೊಳವೆ ಬೀಸಿದ. ಮಣಿಕಟ್ಟಿಗೇ ಬಿತ್ತು. ಕಣ್ಣಿಗೆ ಕತ್ತಲೆ ಕಟ್ಟಿತು. ಫೋನು ಕೈಜಾರಿ, ಮೋಟುಗೋಡೆ ದಾಟಿ, ಪಕ್ಕದ ಕಟ್ಟಡದ ತಾರಸಿಗೆ ಹೋಗಿ ಬಿತ್ತು. ಅದು ನಮ್ಮದಕ್ಕಿಂತ ಒಂದಾಳು ಕೆಳಗೆ. ನಡುವೆ ಒಂದು ಮಾರು ಅಗಲದ ಸಂದು. ಆ ಸಂದಿನ ತಳದಲ್ಲಿ ಬೀದಿ.

ನಾನು ಬಗ್ಗಿ ನೋಡಿ ಹಿಂದೆ ಸರಿದೆ.

ಅವನು ಹಿಂದೆ ಸರಿದದ್ದು ಓಡಿ ಬರುವುದಕ್ಕೆ. ಓಡಿದ... ಗೋಡೆ ಮೇಲೆ ಕಾಲಿಟ್ಟ... ಹಾರಿದ!

ಬೆಕ್ಕಿನ ಹಾಗೆ ಇಳಿದ. ನನ್ನ ಫೋನನ್ನು ಹಿಮ್ಮಡಿಯಲ್ಲಿ ತುಳಿದ. ಮತ್ತೆ ತುಳಿದ. ಚೂರುಗಳ ಮೇಲೆ ಕುಣಿದ.

“ಈಗ ಏನು ತೋರಿಸ್ತೀಯೋ, ಮುದಿಯಾ?”

ಮಣಿಕಟ್ಟು ಹಿಡಿದುಕೊಂಡು ನಿಂತೆ. ತಂಗಿಯ ಖಾತೆ ಹೋಯಿತು. ಡ್ರೈವರ್ ಹೋದ.

“ಎಲ್ಲಾ ಬಂದಿದೆ.”

ತಿರುಗಿದೆ. ಹೊದಿಕೆಗಳ ಸಂದಿಯಿಂದ ಒಬ್ಬ ಹೆಂಗಸು ಹೊರಬಂದಳು. ಸಣಕಲು ಮೈ. ಕಾಲ ಬಳಿ ಬಟ್ಟೆಯ ಬಕೆಟ್ಟು. ಎತ್ತಿ ಹಿಡಿದ ಕೈಯಲ್ಲಿ ಫೋನು.

“ಓಡಿದ್ದು, ಹಾರಿದ್ದು, ಕುಣಿದಿದ್ದು... ಎಲ್ಲಾ ಬಂದಿದೆ ಸಾರ್.”

“ಏಯ್!” ಆಚೆಯಿಂದ ಅವನು ಅರಚಿದ. “ಗಂಡನ ಮೇಲೇನೇ? ಅಳಿಸೇ ಅದನ್ನ!”

ಅವಳು ಅವನ ಕಡೆ ನೋಡಲಿಲ್ಲ. ನನಗೆ ಹೇಳಿದಳು.

“ಲಿಫ್ಟ್ ಕೆಟ್ಟಿರೋದು ನೋಡಿದ್ರಲ್ಲ. ಒಂದು ತಿಂಗಳು ಸಾರ್... ಅಕ್ಕಪಕ್ಕದವ್ರು ನೋಡ್ಲಿ ಅಂತ ದಿನಾ ಇವ್ರನ್ನ ಬೆನ್ನ ಮೇಲೆ ಹೊತ್ಕೊಂಡು ಇಳಿದೆ. ಹೊತ್ಕೊಂಡು ಹತ್ತಿದೆ. ಮನೆಗೆ ಬಂದು ಬಾಗಿಲು ಹಾಕಿದ ತಕ್ಷಣ ಎದ್ದು ನಿಂತ್ಕೊಂಡು, ‘ಇವತ್ತು ತುಂಬಾ ಅಲುಗಾಡಿಸ್ದೆ, ನಾಳೆ ಸರಿಯಾಗಿ ಹೊರು’ ಅಂತಿದ್ರು.”

ನಾನು ಅವಳ ಸಣಕಲು ಭುಜಗಳನ್ನು ನೋಡಿದೆ.

“ಲೇ, ಏಣಿ ತಾರೇ!” ಅವನ ದನಿ ಬದಲಾಗಿತ್ತು. “ಈ ಕಡೆ ಬಾಗಿಲಿಗೆ ಬೀಗ ಹಾಕಿದೆ!”

ಅವಳು ಬಕೆಟ್ಟಿನಿಂದ ಇನ್ನೊಂದು ಹೊದಿಕೆ ತೆಗೆದು ಕೊಡವಿದಳು.

“ಕಾಲಿಲ್ದೋರಿಗೆ ಏಣಿ ಯಾಕ್ರೀ?”

ವಿಡಿಯೋ ಸಂಜೆಯೊಳಗೆ ಡ್ರೈವರಿನ ವಕೀಲರ ಕೈ ಸೇರಿತು. ಮರುದಿನದ ವಿಚಾರಣೆ ಕಾಲು ಗಂಟೆಯಲ್ಲಿ ಮುಗಿಯಿತು. ನ್ಯಾಯಾಧೀಶರು ಅದನ್ನು ಎರಡು ಸಲ ನೋಡಿದರಂತೆ. ಒಂದು ಸಲ ಸಾಕಿತ್ತು. ಗಿರಾಕಿ ತನ್ನದೇ ಕಾಲ ಮೇಲೆ ನಡೆದು ಪೊಲೀಸ್ ಜೀಪು ಹತ್ತಿದ. ಸರ್ಟಿಫಿಕೇಟ್ ಬರೆದ ಡಾಕ್ಟರು ರಜೆ ಹಾಕಿದರು. ಅವಳು ಒಂದೇ ಒಂದು ಚೀಲ ಹಿಡಿದು ಅಕ್ಕನ ಮನೆಗೆ ಹೊರಟುಹೋದಳು.

ತಂಗಿಯ ಖಾತೆ ಉಳಿಯಿತು. ಸೈಟಿನವರು ಮಾತ್ರ ‘ಗ್ರಾಹಕರ ತೃಪ್ತಿಯೇ ಮುಖ್ಯ’ ಎಂದು ಕುರ್ಚಿಯ ಪೂರ್ತಿ ಹಣವನ್ನು ಆ ಜೈಲುಹಕ್ಕಿಗೇ ಕೊಟ್ಟರು. ಫುಟ್‌ರೆಸ್ಟನ್ನು ಪೊಲೀಸರು ಸಾಕ್ಷಿಯೆಂದು ಇಟ್ಟುಕೊಂಡರು. ನನ್ನ ಮಣಿಕಟ್ಟಿಗೆ ಪಟ್ಟಿ.

ವಾರ ಬಿಟ್ಟು ಡ್ರೈವರ್ ನಮ್ಮನ್ನು ಹುಡುಕಿಕೊಂಡು ಬಂದ. ಲೈಸೆನ್ಸು ಸಿಕ್ಕಿತ್ತು, ಕೆಲಸವೂ ಸಿಕ್ಕಿತ್ತು. ನನ್ನ ಎರಡೂ ಕೈ ಹಿಡಿದು ಗಳಗಳ ಅತ್ತ.

“ನೀವು ನಮ್ಮ ಪಾಲಿನ ದೇವ್ರು ಸಾರ್!”

ತಂಗಿ ಕಣ್ಣೊರೆಸಿಕೊಂಡಳು. ನಾನೂ ಒಂಚೂರು ಕರಗಿದೆ. ಸುಳ್ಳು ಯಾಕೆ ಹೇಳಲಿ?

“ನಮ್ಮಪ್ಪಂಗೆ ಎರಡು ಕಣ್ಣೂ ಕಾಣ್ಸಲ್ಲ ಮೇಡಂ. ಒಂದು ಒಳ್ಳೆ ಕೋಲು ಬೇಕು. ನಿಮ್ಗೆ ರೇಟಿಂಗ್ ಬರ್ಲಿ, ಆನ್‌ಲೈನಲ್ಲೇ ತಗೊಳ್ತೀನಿ.”

ಅಲ್ಲೇ ನಿಂತು ಆರ್ಡರ್ ಮಾಡಿದ. ತಂಗಿ ಎಲ್ಲಕ್ಕಿಂತ ಒಳ್ಳೆಯ ಕೋಲನ್ನು ಆರಿಸಿ ಕಳಿಸಿದಳು.

ಐದನೇ ದಿನ ಕೋಲು ವಾಪಸ್ ಬಂತು.

ಜೊತೆಗಿದ್ದ ಚೀಟಿಯಲ್ಲಿ ಒಂದೇ ಸಾಲು: ‘ಅಪ್ಪನಿಗೆ ಬಣ್ಣ ಹಿಡಿಸಲಿಲ್ಲ.’